ಮದುವೆ ಕಾರ್ಡಿನಿಂದ ಕೈಬಿಟ್ಟ ಪರದೆ ಪರಿಶೀಲಕನ ಹೆಸರನ್ನು ಮರಳಿ ಸೇರಿಸುವ ಬಗ್ಗೆ

ಇಂದ,
ವೇಣು,
ತಮ್ಮ ಅಳಿಯ (ಹೆಸರು ಸದ್ಯಕ್ಕೆ ಅಮಾನತಿನಲ್ಲಿದೆ),
ಕಾಲೇಜಿನಲ್ಲಿ ಕಂಪ್ಯೂಟರ್ ಅಧ್ಯಾಪಕ, ಬಿಡುವಿನಲ್ಲಿ ಕರ್ನಲ್ ಎಂಬ ಕಂಪ್ಯೂಟರ್ ತಂತ್ರಾಂಶದ ಪರದೆ ವಿಭಾಗಕ್ಕೆ ಸಂಬಳವಿಲ್ಲದ ಪರಿಶೀಲಕ,
ಚಿಕ್ಕಬಳ್ಳಾಪುರ.

ಗೆ,
ಶ್ರೀಮತಿ ಆಂಜಿನಮ್ಮನವರು,
ಅತ್ತೆಯವರು ಹಾಗೂ ಮದುವೆ ಕಾರ್ಡಿನ ಅಂತಿಮ ಮಂಜೂರಾತಿ ಪ್ರಾಧಿಕಾರ,
ಗೌರಿಬಿದನೂರು.

ಮೂಲಕ: ಶ್ರೀಮತಿ ಅಮೃತ, ತಮ್ಮ ಮಗಳು, ಅರ್ಜಿದಾರನ ಪತ್ನಿ. (ಶಿಫಾರಸು ಮಾಡಲು ನಿರಾಕರಿಸಿದ್ದಾರೆ. ತಲುಪಿಸಲು ಒಪ್ಪಿದ್ದಾರೆ.)

ವಿಷಯ: ಚಿ. ಭಾನುಪ್ರಕಾಶನ ಮದುವೆ ಕಾರ್ಡಿನಲ್ಲಿ ಅರ್ಜಿದಾರನ ಹೆಸರನ್ನು ಮತ್ತೆ ಹಾಕಿಸುವ ಬಗ್ಗೆ.

ಉಲ್ಲೇಖ: 1) ಭಾನುಪ್ರಕಾಶ್ ಕರ್ನಲ್ ಮೇಲಿಂಗ್ ಲಿಸ್ಟಿಗೆ ಕಳುಹಿಸಿದ ಪರದೆ ಡ್ರೈವರಿನ ತಿದ್ದುಪಡಿ.
2) ಅದಕ್ಕೆ ಅರ್ಜಿದಾರನು ಎಲ್ಲರೆದುರು ಬರೆದ ಉತ್ತರ.
3) ಆ ಉತ್ತರಕ್ಕೆ ತಾವು ಫೋನಿನಲ್ಲಿ ಕೊಟ್ಟ ಉತ್ತರ.

ಮಾನ್ಯ ಅತ್ತೆಯವರೇ,

ತಮ್ಮ ಅವಗಾಹನೆಗೆ ತರುವುದೇನೆಂದರೆ, ಬಾಯಲ್ಲಿ ಹೇಳಿ ಮುಗಿಸಬಹುದಾಗಿದ್ದ ಈ ವಿಚಾರವನ್ನು ಅರ್ಜಿದಾರನು ಬರೆದು ಕೊಡುತ್ತಿರುವುದಕ್ಕೆ ಕಾರಣಗಳಿವೆ. ತಾವು ಸರ್ಕಾರಿ ಕಚೇರಿಯೊಂದರ ಟಪಾಲು ಶಾಖೆಯಲ್ಲಿ ಆಯುಸ್ಸು ಸವೆಸಿ ನಿವೃತ್ತರಾದವರು. ವಿಷಯ, ಉಲ್ಲೇಖ ಇಲ್ಲದ ಕಾಗದವನ್ನು ಮೇಲಧಿಕಾರಿಗೇ ವಾಪಸ್ಸು ಕೊಟ್ಟವರು. ಅಲ್ಲದೆ, ಬರವಣಿಗೆಯಲ್ಲಿ ಕೊಡದ ಹೊರತು ಹೆಸರು ಸೇರಿಸುವುದಿಲ್ಲವೆಂದು ತಮ್ಮ ಮಗ ಭಾನುಪ್ರಕಾಶನೇ ಹೇಳಿರುತ್ತಾನೆ. ಅವನು ಹಾಗೇಕೆ ಹೇಳಿದ ಎಂಬುದರಲ್ಲಿ ಅರ್ಧ ಕಥೆ ತಮಗೆ ಗೊತ್ತು. ಆ ಅರ್ಧವನ್ನು ಹೇಳಿದವನೂ ಅವನೇ ಆದ ಕಾರಣ, ಮೊದಲಿನಿಂದ ನಿವೇದಿಸಿಕೊಳ್ಳಲಾಗಿದೆ.

1. ಗೌರಿಬಿದನೂರಿನ ಸ್ಟೇಷನ್ ರಸ್ತೆಯಲ್ಲಿ ಭಾನುಪ್ರಕಾಶನ ಕಂಪ್ಯೂಟರ್ ರಿಪೇರಿ ಅಂಗಡಿ ಇರುವುದು ಸರಿಯಷ್ಟೆ. ಕಂಪನಿಗಳು ಬೇಡವೆಂದು ಬಿಟ್ಟ ಹಳೆಯ ಲ್ಯಾಪ್‌ಟಾಪುಗಳನ್ನು ತಂದು, ಧೂಳು ಝಾಡಿಸಿ, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಕಾಲೇಜು ಹುಡುಗರಿಗೆ ಮಾರುವುದು ಅವನ ವ್ಯಾಪಾರ. ಅವುಗಳಲ್ಲಿ ಒಂದು ಮಾದರಿಗೆ ವಿಚಿತ್ರ ರೋಗವಿತ್ತು. ಮುಚ್ಚಳ ಮುಚ್ಚಿ ಮತ್ತೆ ತೆರೆದರೆ ಫ್ಯಾನು ಸುತ್ತುತ್ತದೆ, ಕೀಲಿಗಳು ಬೆಳಗುತ್ತವೆ, ನಿಲ್ಲಿಸಿದ್ದ ಹಾಡು ಕೂಡ ಮುಂದುವರಿಯುತ್ತದೆ, ಪರದೆ ಮಾತ್ರ ಕಗ್ಗತ್ತಲು. ಕೊಂಡವರೆಲ್ಲ ತಂದು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದರು. ಇನ್ನೊಬ್ಬನಾಗಿದ್ದರೆ ಆ ಮಾದರಿಯ ಸಹವಾಸವೇ ಬೇಡವೆಂದು ಬಿಡುತ್ತಿದ್ದ. ಭಾನುಪ್ರಕಾಶ್ ಮಾತ್ರ ಹಟ ಹಿಡಿದು ಕೂತ.

ಯಂತ್ರದ ಅಡಿಯಲ್ಲಿ ಕೂತು ಎಲ್ಲವನ್ನೂ ನಡೆಸುವ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅದರೊಳಗೆ ಪರದೆಯನ್ನು ನೋಡಿಕೊಳ್ಳುವ ಭಾಗಕ್ಕೆ ಡ್ರೈವರ್ ಎಂದು ಹೆಸರು. ಬಸ್ಸಿನ ಡ್ರೈವರಿಗೂ ಇದಕ್ಕೂ ಸಂಬಂಧವಿಲ್ಲ. ಈ ಡ್ರೈವರ್, ಪರದೆಗೆ ಕರೆಂಟು ಕೊಟ್ಟ ಮರುಕ್ಷಣವೇ ಆಜ್ಞೆಗಳನ್ನು ಕೊಡುತ್ತಿತ್ತು. ಪರದೆಗೆ ಇನ್ನೂ ಎಚ್ಚರವೇ ಆಗಿರುತ್ತಿರಲಿಲ್ಲ. ಭಾನುಪ್ರಕಾಶ್ ನಡುವೆ ಸ್ವಲ್ಪ ಹೊತ್ತು ಕಾಯುವಂತೆ ತಿದ್ದಿದ. ಪರದೆ ಹೊತ್ತಿಕೊಂಡಿತು. ಇದು ಭೇಷಾದ ಕೆಲಸ ಎಂಬುದನ್ನು ಅರ್ಜಿದಾರನು ಮೊದಲೇ ದಾಖಲಿಸುತ್ತಾನೆ, ಏಕೆಂದರೆ ಮುಂದಿನದನ್ನು ಓದುವಾಗ ತಾವು ಇದನ್ನು ಮರೆಯುವ ಸಂಭವವಿದೆ.

2. ಕರ್ನಲ್ ಯಾರೊಬ್ಬರ ಆಸ್ತಿಯೂ ಅಲ್ಲ. ಪ್ರಪಂಚದ ಯಾವ ಮೂಲೆಯವರು ಬೇಕಾದರೂ ಅದಕ್ಕೆ ತಿದ್ದುಪಡಿ ಕಳುಹಿಸಬಹುದು. ಆದರೆ ಇದೆಲ್ಲ ನಡೆಯುವುದು ಮೇಲಿಂಗ್ ಲಿಸ್ಟ್ ಎಂಬ ಬಹಿರಂಗ ಇ-ಮೇಲ್ ಟಪಾಲಿನಲ್ಲಿ: ಕಳುಹಿಸುವುದೂ ಎಲ್ಲರೆದುರು, ತಪ್ಪು ಹುಡುಕುವುದೂ ಎಲ್ಲರೆದುರು, ಬೈಸಿಕೊಳ್ಳುವುದೂ ಎಲ್ಲರೆದುರು. ನೋಡಿ, ಒಪ್ಪಿ, ತೃಪ್ತರಾದವರು ತಾವಾಗಿಯೇ ತಮ್ಮ ಹೆಸರು ಕೊಡುತ್ತಾರೆ. ಅದು ತಿದ್ದುಪಡಿಯ ಕೆಳಗೆ ‘ಪರಿಶೀಲಿಸಿದವರು’ ಎಂದು ಸೇರುತ್ತದೆ. ನಾಳೆ ಏನಾದರೂ ಕೆಟ್ಟರೆ ಆ ಹೆಸರಿನವರೂ ಉತ್ತರ ಹೇಳಬೇಕು. ಆದ ಕಾರಣ, ಕೊಡದವರ ಹೆಸರು ಹಾಕುವಂತಿಲ್ಲ. ಪರದೆ ವಿಭಾಗಕ್ಕೆ ಬರುವ ತಿದ್ದುಪಡಿಗಳನ್ನು ನೋಡುವವರಲ್ಲಿ ಅರ್ಜಿದಾರನೂ ಒಬ್ಬ. ಇದರಿಂದ ಅವನಿಗೆ ಬರುವ ಆದಾಯವೆಂದರೆ ಅಮೃತಳ ಬೈಗುಳ.

3. ನಮ್ಮ ಕಡೆ ಹೆಸರುಗಳ ಪಟ್ಟಿಯ ಪದ್ಧತಿಯೇ ಬೇರೆ. ಕಾರ್ಡಿನಲ್ಲಿ ಹೆಸರು ಹಾಕುವಾಗ ಯಾರೂ ಯಾರನ್ನೂ ಕೇಳುವುದಿಲ್ಲ. ಬಿಟ್ಟರೆ ಮಾತ್ರ ಕೇಳುತ್ತಾರೆ. ತಮ್ಮ ಗೃಹಪ್ರವೇಶದ ಕಾರ್ಡಿನಲ್ಲಿ ಮುನೇಶ್ ಚಿಕ್ಕಪ್ಪನವರ ಹೆಸರು ತಪ್ಪಿಹೋಗಿ, ಅವರು ಎಲೆ ಮುಂದೆ ಕೂತವರು ಎದ್ದು ಮಂಚೇನಹಳ್ಳಿ ಬಸ್ಸು ಹತ್ತಿದ್ದನ್ನು ತಾವೂ ಕಂಡಿದ್ದೀರಿ. ಇಂಥ ಮನೆಯಲ್ಲಿ ಬೆಳೆದ ಭಾನುಪ್ರಕಾಶನ ಕಣ್ಣಿಗೆ ‘ಪರಿಶೀಲಿಸಿದವರು’ ಎಂಬ ಖಾಲಿ ಜಾಗ ಬಿತ್ತು. ಮೊದಲ ಸಲ ಲೋಕದ ಮುಂದೆ ಹೋಗುವ ಕೆಲಸ, ಹಿರಿಯರನ್ನು ಬಿಡುವುದುಂಟೇ? ದೊಡ್ಡಪ್ಪ ಬಯ್ಯಪ್ಪನವರು, ಚಿಕ್ಕಪ್ಪ ಮುನೇಶ್, ಅಕ್ಕ ಅಮೃತ, ಭಾವ ವೇಣು, ತಾಯಿಯವರಾದ ತಾವು, ಎಲ್ಲರ ಹೆಸರನ್ನೂ ಪರಿಶೀಲಿಸಿದವರೆಂದು ಹಾಕಿ ಕಳುಹಿಸಿಯೇಬಿಟ್ಟ.

4. ಪರದೆ ವಿಭಾಗದ ಮುಖ್ಯಸ್ಥರು ಯುರೋಪಿನವರು. ಹಳೆಯ ಲ್ಯಾಪ್‌ಟಾಪೊಂದಕ್ಕೆ ಒಂದೇ ತಾಲ್ಲೂಕಿನಲ್ಲಿ ಇಷ್ಟು ಜನ ತಜ್ಞರೇ ಎಂದು ಅವರು ಬೆರಗಾಗಿ, ಆನಂದಪಟ್ಟು, ತಮ್ಮನ್ನೇ ಹೆಸರು ಹಿಡಿದು ಕೇಳಿದರು: ಕಾಯುವ ಅವಧಿ ಇಷ್ಟೇ ಏಕೆ, ಆಂಜಿನಮ್ಮನವರು ದಯವಿಟ್ಟು ವಿವರಿಸುವರೇ? ಭಾನುಪ್ರಕಾಶ್ ಅದನ್ನು ಓದಿ ಹೇಳಿದಾಗ ತಾವು ಕೊಟ್ಟ ಉತ್ತರ ಹೀಗಿದೆ: “ಈಗಿನ್ನೂ ಎದ್ದೋರ್ಗೆ ಮೊಕ ತೊಳ್ಕೊಳಕ್ಕಾದ್ರೂ ಬಿಡ್ಬೇಕಲ್ಲಪ್ಪಾ. ಎದ್ದೇಟ್ಗೇ ಕೆಲ್ಸ ಹೇಳಿದ್ರೆ ಯಾರ್ ಮಾಡ್ತಾರೆ?” ಅವನು ಇದನ್ನು ಇಂಗ್ಲಿಷಿಗೆ ತಿರುಗಿಸಿ ಕಳುಹಿಸಿದ. ಮುಖ್ಯಸ್ಥರು ವಂದನೆ ತಿಳಿಸಿ, ಇದು ಪರದೆ ಕಂಪನಿಯ ಕೈಪಿಡಿಯ ಯಾವ ಪುಟದಲ್ಲಿದೆ ಎಂದು ಕೇಳಿದರು.

ಬಯ್ಯಪ್ಪನವರಿಗೂ ಪ್ರಶ್ನೆ ಬಂತು: ಯಾವ ಯಂತ್ರದ ಮೇಲೆ ಪರೀಕ್ಷಿಸಿದಿರಿ? ಅವರು ಹೊಲದಿಂದಲೇ ಫೋನಿನಲ್ಲಿ ಉತ್ತರಿಸಿದರು. “ಯಂತ್ರ ಗಿಂತ್ರ ನಾನ್ಯಾಕಪ್ಪಾ ನೋಡ್ಲಿ? ಹುಡ್ಗ ಮಾಡವ್ನೆ ಅಂದ್ಮೇಲೆ ಸರ್ಯಾಗೇ ಮಾಡಿರ್ತಾನೆ. ಹೋಗ್ಲಿ, ನಂದೊಂದ್ ಸೈನ್ ಬೇಕಾದ್ರೆ ಹಾಕ್ಕೊ ಅನ್ನು.”

5. ಉಳಿದ ಹೆಸರುಗಳು ಮುಖ್ಯಸ್ಥರಿಗೆ ಹೊಸವು. ಅರ್ಜಿದಾರನದು ಹಳೆಯದು. ವೇಣು ನೋಡಿದ್ದಾನೆ ಅಂದಮೇಲೆ ಸರಿ ಇರಬೇಕೆಂದು ಅವರು ತಿದ್ದುಪಡಿಯನ್ನು ಒಳಗೆ ಸೇರಿಸಲು ಅಣಿಯಾದರು. ಅರ್ಜಿದಾರನು ಅದನ್ನು ನೋಡಿಯೇ ಇರಲಿಲ್ಲ. ಗಾಬರಿಯಾಗಿ ಕಾಲೇಜಿನ ಹಳೆಯ ಲ್ಯಾಪ್‌ಟಾಪೊಂದಕ್ಕೆ ಹಾಕಿ ನೋಡಿದ. ಅದರ ಪರದೆಯೂ ಅದೇ ಕಂಪನಿಯದು, ಮಾದರಿ ಬೇರೆ. ಅಲ್ಲಿಯವರೆಗೆ ಚೆನ್ನಾಗಿ ಉರಿಯುತ್ತಿದ್ದದ್ದು ಆರಿಹೋಯಿತು. ಕಾರಣವಿಷ್ಟೆ. ಭಾನುಪ್ರಕಾಶ್ ಆ ಒಂದು ಮಾದರಿಗೆ ಬೇಕಾದ ಕಾಯುವಿಕೆಯನ್ನು ಆ ಕಂಪನಿಯ ಎಲ್ಲ ಪರದೆಗಳಿಗೂ ಹಚ್ಚಿದ್ದ. ಕೆಲವು ಪರದೆಗಳು ಅಷ್ಟು ಹೊತ್ತು ಯಾರೂ ಮಾತಾಡಿಸದಿದ್ದರೆ, ಇವತ್ತಿಗೆ ಕೆಲಸವಿಲ್ಲವೆಂದು ತಾವೇ ಮಲಗಿಬಿಡುತ್ತವೆ. ಅವನ ಗಿರಾಕಿಗಳ ಪರದೆ ಬೆಳಗಿ, ಕಂಡು ಕೇಳರಿಯದ ಊರುಗಳ ಎಷ್ಟೋ ಜನರ ಪರದೆ ಕತ್ತಲಾಗುವುದಿತ್ತು.

ಆದ್ದರಿಂದ ಅರ್ಜಿದಾರನು ಲಿಸ್ಟಿನಲ್ಲಿ ಬರೆದ: ‘ಇದನ್ನು ನಾನು ಪರಿಶೀಲಿಸಿಲ್ಲ. ನನ್ನ ಹೆಸರು ತೆಗೆಯಬೇಕು. ಇದು ಹೀಗೆಯೇ ಒಳಗೆ ಹೋದರೆ ಬೇರೆಯವರ ಪರದೆ ಆರುತ್ತದೆ. ಒಪ್ಪಿಗೆ ಇಲ್ಲ.’ ಕೆಳಗೆ ತಪ್ಪು ಎಲ್ಲಿದೆ, ಹೇಗೆ ತಿದ್ದಬೇಕು ಎಂದೂ ಬರೆದ. ಆ ಕೆಳಗಿನದನ್ನು ತಮ್ಮ ಮನೆಯಲ್ಲಿ ಯಾರೂ ಓದಿದಂತೆ ಕಾಣುವುದಿಲ್ಲ. ಕೂಡಲೇ ಉಲ್ಲೇಖ 3ರ ಫೋನು ಬಂತು.

“ಏನ್ ವೇಣಪ್ಪಾ, ಪ್ರಪಂಚದ್ ಮುಂದೆ ಹುಡ್ಗನ್ನ ಹಂಗಾ ಅನ್ನೋದು? ಮನೇಗ್ ಬಂದು ಹೇಳಿದ್ರೆ ಆಗ್ತಿರ್ಲಿಲ್ವಾ? ಕಾಫಿ ಕೊಡ್ತಿರ್ಲಿಲ್ವಾ ನಾವು?”

“ಅಲ್ಲಿ ಎಲ್ರ ಮುಂದೇನೇ ಹೇಳ್ಬೇಕು ಅತ್ತೆ. ಅದು ಅಲ್ಲಿನ ನಿಯಮ.”

“ಮನೆ ಮಾತು ಬೀದೀಲಿ ಆಡ್ಬೇಕು ಅಂತ ಯಾವ್ ಸರ್ಕಾರದ್ ನಿಯ್ಮದಲ್ಲೈತೆ? ಸುತ್ತೋಲೆ ಐತಾ? ಇದ್ರೆ ಕಳ್ಸಿ, ನೋಡ್ತೀನಿ.”

ಸುತ್ತೋಲೆ ಇದೆ. ಆದರೆ ಅದು ಇಂಗ್ಲಿಷಿನಲ್ಲಿದೆ, ಮತ್ತು ತಾವು ಆ ವೇಳೆಗೆ ಫೋನು ಇಟ್ಟಿದ್ದಿರಿ.

6. ಇದಾದ ಮೇಲೆ ಭಾನುಪ್ರಕಾಶ್ ಲಿಸ್ಟಿನಲ್ಲೂ ಮಾತಾಡಲಿಲ್ಲ, ಫೋನನ್ನೂ ಎತ್ತಲಿಲ್ಲ. ಅಷ್ಟರಲ್ಲಿ ಚಿಂತಾಮಣಿಯ ಹರಿಣಿಯವರೊಂದಿಗೆ ಅವನ ಮದುವೆಯ ಕಾರ್ಡು ಸಿದ್ಧವಾಗಿ, ಅಚ್ಚಿಗೆ ಹೋಗುವ ಮುಂಚಿನ ಪ್ರತಿ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂತು. ಮೇಲೆ ಬುದ್ಧ, ಬಾಬಾಸಾಹೇಬರು, ನಡುವೆ ವಧೂವರರು ಮತ್ತು ಆಹ್ವಾನಿಸುವ ತಾವು, ಕೆಳಗೆ ‘ತಮ್ಮ ಬರವನ್ನು ಎದುರು ನೋಡುವವರು’ ಎಂಬ ಪಟ್ಟಿ. ಪಟ್ಟಿಯಲ್ಲಿ ಎಲ್ಲರೂ ಇದ್ದರು. ಅರ್ಜಿದಾರ ಇರಲಿಲ್ಲ.

“ನಿಮ್ಮ ಹೆಸ್ರು ಬಿಟ್ಟವ್ನೆ” ಎಂದಳು ಅಮೃತ. “ಕೇಳ್ಲಾ?”

“ಬೇಡ. ಒಂದ್ ಹೆಸ್ರಲ್ಲೇನೈತೆ” ಎಂದ ಅರ್ಜಿದಾರ. ಅಂದನೇ ಹೊರತು ಅವನಿಗೆ ಆ ದಿನ ಅನ್ನ ಸೇರಲಿಲ್ಲ. ಅವನಿಗೆ ಒಡಹುಟ್ಟಿದವರಿಲ್ಲ. ಅವನು ಅಮೃತಳನ್ನು ಮದುವೆಯಾಗಿ ತಮ್ಮ ಮನೆಗೆ ಬಂದಾಗ ಭಾನುಪ್ರಕಾಶ್ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ. ಆ ಹುಡುಗನಿಗೆ ಮೊದಲ ಸಲ ಕಂಪ್ಯೂಟರ್ ಬಿಚ್ಚಿ ತೋರಿಸಿದವನು ಅರ್ಜಿದಾರ. ಬಿಚ್ಚಿದ್ದನ್ನು ಮತ್ತೆ ಜೋಡಿಸಿದವನು ಆ ಹುಡುಗ. ಅರ್ಜಿದಾರನಿಗೆ ದುಃಖವಾಯಿತು. ಕಚೇರಿ ಭಾಷೆಯಲ್ಲಿ ಇದಕ್ಕೆ ಬೇರೆ ಪದ ಸಿಗದ ಕಾರಣ ಹಾಗೆಯೇ ನಮೂದಿಸಿದೆ.

7. ತಾವೇ ಹೇಳಿದಂತೆ ಮನೆಗೆ ಬಂದು ಹೇಳೋಣವೆಂದು, ಕಾಲೇಜಿನ ಆ ಲ್ಯಾಪ್‌ಟಾಪನ್ನು ಬಗಲಿಗೆ ಹಾಕಿಕೊಂಡು ಅರ್ಜಿದಾರನು ಗೌರಿಬಿದನೂರಿಗೆ ಬಂದ. ಮೊದಲು ಅಂಗಡಿಗೆ ಹೋದ. ಭಾನುಪ್ರಕಾಶ್ ಸ್ಕ್ರೂ ಬಿಚ್ಚುತ್ತಾ ತಲೆ ಎತ್ತದೆ “ಬನ್ನಿ ಭಾವ, ಕೂತ್ಕೊಳಿ” ಎಂದ. ಕೂರಲು ಇದ್ದ ಒಂದೇ ಸ್ಟೂಲಿನ ಮೇಲೆ ಕೀಬೋರ್ಡುಗಳ ರಾಶಿ ಇತ್ತು. ಅರ್ಜಿದಾರನು ನಿಂತೇ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ, ತೆರೆದ. ಕತ್ತಲು. ಭಾನುಪ್ರಕಾಶ್ ತಾನೇ ಕೈಗೆ ತೆಗೆದುಕೊಂಡು ಮುಚ್ಚಿದ, ತೆರೆದ. ಅವನ ತಿದ್ದುಪಡಿಯನ್ನು ತೆಗೆದು ನೋಡಿದರು. ಬೆಳಕು. ಮತ್ತೆ ಹಾಕಿದರು. ಕತ್ತಲು.

“ಅಯ್ಯೋ, ಹೌದಲ್ಲಾ” ಎಂದ ಭಾನುಪ್ರಕಾಶ್. ಮುನಿಸು ಗಿನಿಸು ಎಲ್ಲಿ ಹೋಯಿತೋ. ಕೀಬೋರ್ಡುಗಳು ನೆಲಕ್ಕಿಳಿದವು, ಸ್ಟೂಲು ಖಾಲಿಯಾಯಿತು, ಟೀ ಬಂತು. ಅಲ್ಲೇ ಕೂತು ಮಾದರಿಯ ಹೆಸರನ್ನು ಸೇರಿಸಿ, ಕಾಯುವಿಕೆ ಅದೊಂದಕ್ಕೇ ತಗಲುವಂತೆ ಮಾಡಿದ. ಎರಡೂ ಯಂತ್ರಗಳ ಪರದೆಗಳು ಬೆಳಗಿದವು. ತಿದ್ದುಪಡಿ ಮತ್ತೊಮ್ಮೆ ಲಿಸ್ಟಿಗೆ ಹೋಯಿತು, ಈ ಸಲ ಯಾರ ಹೆಸರೂ ಇಲ್ಲದೆ. ಅರ್ಜಿದಾರನು ಅಲ್ಲೇ ತನ್ನ ಫೋನಿನಿಂದ, ಪರಿಶೀಲಿಸಿದ್ದೇನೆ, ಒಪ್ಪಿದ್ದೇನೆ ಎಂದು ಹೆಸರು ಕೊಟ್ಟ. ಎಲ್ಲ ಸುಖಾಂತವಾಯಿತೆಂದು ತಿಳಿದು, ಏಳುವಾಗ ಕಾರ್ಡಿನ ಮಾತು ತೆಗೆದ.

“ಅದು ಅದು, ಇದು ಇದು” ಎಂದ ಭಾನುಪ್ರಕಾಶ್. “ನೀವೇ ಬರ್ದಿದ್ದಲ್ವಾ ಭಾವ, ನೋಡ್ದೆ ಇರೋದಕ್ಕೆ ಹೆಸ್ರು ಕೊಡಲ್ಲ ಅಂತ? ಕಾರ್ಡ್ ನೀವೇನ್ ಪೂರ್ತಿ ನೋಡಿದ್ರಾ? ಕೇಳ್ದೆ ನಿಮ್ ಹೆಸ್ರು ಹಾಕಿ ನಾನ್ ಇನ್ನೊಂದ್ಸಲ ಅನ್ನಿಸ್ಕೊಬೇಕಾ? ಓದಿ. ಒಪ್ಗೆ ಆದ್ರೆ ಬರ್ದು ಅಮ್ಮನ್ ಕೈಗೆ ಕೊಡಿ. ಹಾಕಿಸ್ತೀನಿ.”

ನಗುತ್ತಿದ್ದನೋ ಇಲ್ಲವೋ, ಅರ್ಜಿದಾರನಿಗೆ ಗೊತ್ತಾಗಲಿಲ್ಲ. ನಿಯಮವೇನೋ ಸರಿಯಾಗಿತ್ತು.

8. ಕಾರಣ, ಅರ್ಜಿದಾರನು ಸದರಿ ಕಾರ್ಡನ್ನು ವಿಧಿವತ್ತಾಗಿ ಪರಿಶೀಲಿಸಿದ. ಮೊದಲು ತನ್ನ ಹೆಸರಿಲ್ಲವೆಂದು ಮಾತ್ರ ನೋಡಿ ಇಟ್ಟವನು, ಈಗ ಸಾಲು ಸಾಲಾಗಿ ಓದಿದ. ಪಟ್ಟಿಯ ಎಡಕ್ಕೆ ಶ್ರೀ, ಶ್ರೀಮತಿಗಳ ಸಾಲು, ಬಲಕ್ಕೆ ಹೆಸರುಗಳ ಸಾಲು. ಅದು ಹೀಗಿದೆ:

ಶ್ರೀ ವೆಂಕಟರವಣಪ್ಪ
ದಿವಂಗತ ಬಯ್ಯಪ್ಪ
ಶ್ರೀ ಮುನೇಶ್
ಶ್ರೀ ಅಮೃತ
ಶ್ರೀಮತಿ

ಕೊನೆಯ ಶ್ರೀಮತಿಯ ಮುಂದೆ ಯಾರೂ ಇಲ್ಲ. ಅಮೃತ ಗಂಡಸಾಗಿದ್ದಾಳೆ. ಮೊನ್ನೆ ಮೊನ್ನೆ ಹೊಲಕ್ಕೆ ನೀರು ಕಟ್ಟುತ್ತಿದ್ದ ಬಯ್ಯಪ್ಪನವರು ತೀರಿಕೊಂಡಿದ್ದಾರೆ. ಮತ್ತು ತಮ್ಮ ಯಜಮಾನರು, ಅರ್ಜಿದಾರನ ಮಾವ ವೆಂಕಟರವಣಪ್ಪನವರು, ಕಾರ್ಡಿನ ಪ್ರಕಾರ ತೀರಿಕೊಂಡೇ ಇಲ್ಲ. ಈ ಪ್ರತಿಗೆ ಗುಂಪಿನಲ್ಲಿ ಎಲ್ಲರೂ ಒಪ್ಪಿಗೆ ಕೊಟ್ಟಿದ್ದಾರೆ. ಮೊಟ್ಟಮೊದಲು ಹೆಬ್ಬೆರಳೆತ್ತಿ ಒಪ್ಪಿದವರು ದಿವಂಗತ ಬಯ್ಯಪ್ಪನವರೇ.

ದೋಷದ ಮೂಲ ಹುಡುಕಲು ಅರ್ಜಿದಾರನು ಶಿಡ್ಲಘಟ್ಟದ ಪ್ರೆಸ್ಸಿನ ಮೋಹನ್‌ಬಾಬು ಅವರಿಗೆ ಫೋನು ಮಾಡಿದ.

“ಶ್ರೀ, ಶ್ರೀಮತಿ ಎಲ್ಲಾ ಒಂದ್ ಕಡೆ, ಹೆಸ್ರುಗಳು ಇನ್ನೊಂದ್ ಕಡೆ ಕೂರ್ಸಿರ್ತೀನಿ ಸಾರ್” ಎಂದರು ಅವರು. “ಭಾನು ಫೋನ್ ಮಾಡಿ, ಅಣ್ಣಾ, ಮೊದಲ್ನೇ ಹೆಸ್ರು ತೆಗ್ದಾಕು ಅಂದ. ಹೆಸ್ರು ತೆಗ್ದೆ, ಶ್ರೀ ಹಂಗೇ ಉಳ್ಕೊಂತು. ಕೆಳಗಿನ್ ಹೆಸ್ರೆಲ್ಲಾ ಒಂದೊಂದ್ ಮೆಟ್ಲು ಮೇಲಕ್ ಬಂದವೆ.”

“ಮೊದಲ್ನೇ ಹೆಸ್ರು ಯಾರದಿತ್ತು?”

“ನಿಮ್ದೇ ಸಾರ್. ನಾನೂ ಕೇಳ್ದೆ, ಅಳಿಯನ್ ಹೆಸ್ರು ಎಲ್ರಿಗಿಂತ ಮೇಲೆ ಯಾಕಪ್ಪಾ ಅಂತ. ಅಪ್ಪ ಹೋದ್ಮೇಲೆ ನಂಗೆ ಭಾವಾನೇ ಅಲ್ವಾಣ್ಣಾ, ಹಂಗೇ ಹಾಕು ಅಂದ.”

ಅರ್ಜಿದಾರನು ವಂದಿಸಿ ಫೋನು ಇಟ್ಟ. ಎಲ್ಲರೆದುರು ‘ಒಪ್ಪಿಗೆ ಇಲ್ಲ’ ಎಂದು ಬರೆದ ಆ ಮಾತನ್ನು ಅವನು ಈಗಲೂ ಹಿಂಪಡೆಯುವುದಿಲ್ಲ. ಆದರೆ ಬರೆಯುವ ಮುಂಚೆ ಹುಡುಗನಿಗೆ ಒಂದು ಫೋನು ಮಾಡಬಾರದೆಂದು ಯಾವ ಸುತ್ತೋಲೆಯಲ್ಲೂ ಇಲ್ಲ ಎಂಬುದನ್ನು ಒಪ್ಪುತ್ತಾನೆ.

ನಂತರ ಕಾರ್ಡನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಕೆಂಪು ಪೆನ್ನು ಹಿಡಿದು ಮೊದಲ ಸಾಲನ್ನು ತಿದ್ದಲು ಹೊರಟಾಗ ಅಮೃತ ಅವನ ಕೈ ಹಿಡಿದುಕೊಂಡಳು.

“ಅದೊಂದ್ ಬಿಡಿ.”

“ತಪ್ಪಲ್ವೇನೇ ಅದು?”

“ಗೊತ್ತು. ಬಂದಿದ್ ದಿನಾನೇ ನೋಡ್ದೆ. ಅಪ್ಪನ್ ಹೆಸ್ರು ಹಂಗ್ ನೋಡಿ ಎಷ್ಟ್ ದಿನ ಆಗಿತ್ತು ಗೊತ್ತಾ? ಎಲ್ ನೋಡಿದ್ರೂ ಆ ಪದ ಅಂಟ್ಕೊಂಡಿರ್ತೈತೆ. ರೇಷನ್ ಕಾರ್ಡು, ಪಹಣಿ, ಎಲ್ಲಾದ್ರಲ್ಲೂ. ಅಮ್ಮಾನೂ ನೋಡವ್ಳೆ ಕಣ್ರೀ. ಮೊದಲ್ನೇ ಸಾಲು ಓದಿ, ಫೋನ್ ಎದೇಗಿಟ್ಕೊಂಡು ಕೂತ್ಬಿಟ್ಲಂತೆ. ಕೆಳಗಿಂದು ಓದ್ಲೇ ಇಲ್ಲ.”

ಉಲ್ಲೇಖವಿಲ್ಲದ ಕಾಗದವನ್ನು ಮುಟ್ಟದ ತಾವು, ಇಂಥದ್ದೊಂದು ಕಾರ್ಡಿಗೆ ಹೇಗೆ ಒಪ್ಪಿಗೆ ಕೊಟ್ಟಿರಿ ಎಂದು ಅರ್ಜಿದಾರನು ಅಲ್ಲಿಯವರೆಗೆ ಯೋಚಿಸುತ್ತಿದ್ದ. ಆಮೇಲೆ ಯೋಚಿಸಲಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಕೋರುವುದೇನೆಂದರೆ:

ಅ) ಬಯ್ಯಪ್ಪನವರನ್ನು, ಅವರು ಕನ್ನಡಕ ಹಾಕಿಕೊಂಡು ಕಾರ್ಡು ಓದುವುದಕ್ಕೆ ಮುಂಚೆ, ತುರ್ತಾಗಿ ಬದುಕಿಸಿಕೊಡುವುದು.

ಆ) ಅಮೃತಳನ್ನು ಶ್ರೀಮತಿಯಾಗಿ ಮುಂದುವರಿಸುವುದು.

ಇ) ಅರ್ಜಿದಾರನ ಹೆಸರನ್ನು ಸೇರಿಸುವುದು, ಆದರೆ ಮೊದಲಿನ ಜಾಗದಲ್ಲಿ ಅಲ್ಲ. ಅಲ್ಲಿ ಸೇರಿಸಿದರೆ ಉಳಿದವರೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿದು ಆ ಪದ ಮತ್ತೆ ಮಾವನವರಿಗೇ ಹೋಗಿ ಅಂಟುತ್ತದೆ. ಕಾರಣ, ಅರ್ಜಿದಾರನಿಗೆ ಪಟ್ಟಿಯ ಕಟ್ಟಕಡೆಯಲ್ಲಿ, ಅಮೃತಳ ಕೆಳಗೆ, ಆ ಖಾಲಿ ಶ್ರೀಮತಿಯನ್ನು ಶ್ರೀ ಮಾಡಿ, ಒಂದು ಸಾಲು ಕೊಟ್ಟರೆ ಸಾಕು. ಮನೆಯಲ್ಲೂ ಅವನ ಜಾಗ ಅಲ್ಲೇ ಇರುವುದು.

ಈ ತಿದ್ದುಪಡಿಗಳಾದ ಮೇಲೆ ಸದರಿ ಕಾರ್ಡನ್ನು ಅರ್ಜಿದಾರನು ಪೂರ್ತಿ ಪರಿಶೀಲಿಸಿದ್ದಾನೆ, ಒಪ್ಪಿದ್ದಾನೆ, ಯಾರು ಬಂದು ಕೇಳಿದರೂ ಉತ್ತರ ಹೇಳುತ್ತಾನೆ ಎಂದು ಈ ಮೂಲಕ ತನ್ನ ಹೆಸರನ್ನು ತಾನಾಗಿ ಕೊಟ್ಟಿರುತ್ತಾನೆ.

ಇಂತು, ಕಾಫಿಗೆ ಬರುವ ಧೈರ್ಯ ಇನ್ನೂ ಉಳಿದಿರುವ ತಮ್ಮ ವಿಶ್ವಾಸಿ,
ವೇಣು

ಸ್ಥಳ: ಚಿಕ್ಕಬಳ್ಳಾಪುರ
ದಿನಾಂಕ: ಕಾರ್ಡು ಅಚ್ಚಿಗೆ ಹೋಗುವ ಹಿಂದಿನ ದಿನ

ಲಗತ್ತುಗಳು:
1. ಕಾರ್ಡಿನ ಪ್ರತಿ, ಕೆಂಪು ಪೆನ್ನಿನ ಗುರುತುಗಳೊಂದಿಗೆ.
2. ಎಲ್ಲರೆದುರೇ ಹೇಳಬೇಕೆಂಬ ಸುತ್ತೋಲೆ, ಅಮೃತಳ ಕನ್ನಡ ಅನುವಾದದಲ್ಲಿ. (ಕೊನೆಯ ಎರಡು ಸಾಲು ಆಕೆಯವೇ, ಮೂಲದಲ್ಲಿಲ್ಲ.)
3. ಭಾನುಪ್ರಕಾಶನ ತಿದ್ದುಪಡಿ ಕರ್ನಲ್ಲಿಗೆ ಸೇರಿತೆಂದು ಯುರೋಪಿನಿಂದ ಬಂದ ಪತ್ರ. ಇದನ್ನು ಅವನಿಗೆ ತಾವೇ ಕೊಡುವುದು.

ವಿಶೇಷ ಸೂಚನೆ: ಪಟ್ಟಿಯ ಮೊದಲ ಸಾಲಿನಲ್ಲಿ ಒಂದು ದೋಷವಿರುವುದು ಪರಿಶೀಲಕನ ಗಮನಕ್ಕೆ ಬಂದಿರುತ್ತದೆ. ಸದರಿ ದೋಷವನ್ನು ತಿದ್ದದೆ ಹಾಗೆಯೇ ಮುದ್ರಿಸಬೇಕಾಗಿ ಕೋರಲಾಗಿದೆ.